ಹೊಟ್ಟೆಯಲ್ಲಿ ಬೆರೆತ ಹಾಲು

"ಇಡೀ ರಾಜ್ಯದಲ್ಲಿ ಹಾಲಿಗೆ ರುಚಿ ಕೊಡಬಲ್ಲ ಕೈ ಒಂದೇ ಒಂದು. ಅದು ಈ ಕೈ" ಎಂದು ಸಂಪಂಗಯ್ಯ ತುಂಬಿದ ಸಭೆಗೆ ತನ್ನ ಬಲಗೈ ತೋರಿಸಿದ. ಬೆರಳಿನ ಉಂಗುರಗಳೂ ಕಂಡವು.

ಸಂಪಂಗಯ್ಯ ಹೊನ್ನಕೇರಿ ಅರಮನೆಯಲ್ಲಿ ಪಾನೀಯಗಳ ಅಧಿಕಾರಿ. 'ರಾಜಪಾನ' ಎಂಬ ಹೊಸ ಹಾಲು ತಯಾರಿಸಿದ್ದ. ಅದರಲ್ಲಿ ಬಾದಾಮಿ ಇದೆ, ಕೇಸರಿ ಇದೆ ಎನ್ನುತ್ತಿದ್ದ, ಕಣ್ಣಾರೆ ಕಂಡವರಿಲ್ಲ. ಕುಡಿಕೆಗಳಲ್ಲಿ ತುಂಬಿಸಿ, ಅರಮನೆಯ ಮುದ್ರೆ ಒತ್ತಿಸಿ ಪೇಟೆಗೆ ಬಿಟ್ಟ. ಪೇಟೆ ತಿರುಗಿಯೂ ನೋಡಲಿಲ್ಲ.

ನೋಡುವುದಾದರೂ ಯಾಕೆ? ಮನೆಯಲ್ಲಿ ಹಾಲಿದೆ, ಬೆಲ್ಲವಿದೆ. ಏಲಕ್ಕಿ ಕಾಳು ಪಾಯಸಕ್ಕೆ ಹೋದ ಮೇಲೆ ಉಳಿಯುವ ಸಿಪ್ಪೆಯನ್ನೇ ಹಾಲಿಗೆ ಹಾಕಿ ಕುದಿಸಿ, ಇಳಿಸಿ, ಸ್ವಲ್ಪ ಆರಿದ ಮೇಲೆ ಬೆಲ್ಲ ಹಾಕಿದರೆ ಬೀದಿಯ ತುದಿಯವರೆಗೂ ಘಮ. ಸಿಪ್ಪೆಗೆ ಯಾರೂ ಬೆಲೆ ಕಟ್ಟುವುದಿಲ್ಲ.

ಸರಕು ಹೋಗದಿದ್ದರೆ ವ್ಯಾಪಾರಿ ಸರಕು ಬದಲಿಸುತ್ತಾನೆ. ಅಧಿಕಾರಿಗೆ ಆ ಕಷ್ಟವಿಲ್ಲ. ಅವನು ಕಾನೂನು ಬದಲಿಸುತ್ತಾನೆ.

"ಪ್ರಭು, ಜನ ಮನೆಯಲ್ಲಿ ಹಾಲಿಗೆ ಏನೇನೋ ಬೆರೆಸಿ ಕುಡಿಯುತ್ತಿದ್ದಾರೆ. ಅವರ ಆರೋಗ್ಯದ ಚಿಂತೆಯಲ್ಲಿ ನನಗೆ ನಿದ್ದೆಯೇ ಇಲ್ಲ" ಎಂದ ಸಂಪಂಗಯ್ಯ.

ಅರಸ ವೀರಭೂಪನಿಗೆ ಆ ಹೊತ್ತಿನಲ್ಲಿ ಒಳ್ಳೆಯ ನಿದ್ದೆ ಬರುತ್ತಿತ್ತು. ಮುದ್ರೆ ಒತ್ತಿಬಿಟ್ಟ. ಅಂದಿನಿಂದ ಮನೆಗಳಲ್ಲಿ ಬರೀ ಹಾಲು ಮಾತ್ರ. ರುಚಿ ಬೇಕಾದವರು ರಾಜಪಾನ ಕೊಳ್ಳಬೇಕು. ಹಾಲಿಗೆ ರುಚಿ ಬೆರೆಸಿ ಸಿಕ್ಕಿಬಿದ್ದರೆ ಹಸು ಅರಮನೆಗೆ.

ಮೊದಲು ಸಿಕ್ಕಿಬಿದ್ದವಳು ಸೂಲಗಿತ್ತಿ ಸಾಕವ್ವ. ಅವಳಿಗಿದ್ದದ್ದು ಒಂದೇ ಹಸು. ಕೇರಿಯ ಬಾಣಂತಿಯರಿಗೆಲ್ಲ ಅದರ ಹಾಲಿಗೆ ಬೆಲ್ಲ, ಒಣಶುಂಠಿ ಹಾಕಿ ಕೊಡುತ್ತಿದ್ದಳು. ಹಸುವನ್ನು ಎಳೆದುಕೊಂಡು ಹೋದರು, ಕರುವನ್ನು ಬಿಟ್ಟುಹೋದರು. ಕರು ಹಾಲು ಕೊಡುವುದಿಲ್ಲವಲ್ಲ.

ಸಾಕವ್ವ ನೇರವಾಗಿ ಅರಸನ ಆಪ್ತ ಹಂಪಣ್ಣನ ಮನೆಗೆ ಬಂದಳು.

"ಹಂಪಣ್ಣ, ನಿನ್ನನ್ನ ಮೊದಲು ಎತ್ತಿಕೊಂಡಿದ್ದು ಈ ಕೈ. ನನ್ನ ಹಸು ಕೊಡಿಸು. ಕರು ಬೆಳಗಿಂದ ಅರಚ್ತಾ ಇದೆ."

"ನೀನು ಹಾಲಿಗೆ ಬೆಲ್ಲ ಬೆರೆಸಿದ್ದು ನಿಜವೇನವ್ವ?"

"ಡಂಗುರ ಸಾರಿದ ಮೇಲೆ ಬೆರೆಸಿಲ್ಲಪ್ಪ. ನೆಂಟರಿಗೆ ಬೆಲ್ಲ ನೀರು ಕೊಡಲ್ವಾ, ಹಾಗೆ ಕೊಟ್ಟೆ. ಶುಂಠಿ ಕುಟ್ಟಿದ ಬೆಲ್ಲದ ಚೂರು ಕೈಗೆ, ಬರೀ ಹಾಲು ಲೋಟಕ್ಕೆ. ಕಚ್ಚಿಕೊಂಡು ಕುಡೀತಾರೆ. ಆದರೂ ಹೊಡ್ಕೊಂಡು ಹೋದರು."

ಹಂಪಣ್ಣನ ಮುಖ ಅರಳಿತು. "ಬಹಳ ಒಳ್ಳೆಯದಾಯ್ತು. ನಾಳೆ ಸಭೆಯಲ್ಲಿ ಸಂಪಂಗಯ್ಯನವರು ಹೇಳಿದ್ದಕ್ಕೆಲ್ಲ ನಾನು ಹೂಂ ಅಂತೀನಿ. ನೀನು ಗಾಬರಿಯಾಗಬೇಡ."

"ಹೂಂ ಅನ್ನೋಕೆ ನೀನ್ಯಾಕೆ ಬೇಕಿತ್ತು? ನನ್ನ ಕರುವೇ ಸಾಕಿತ್ತು" ಎಂದು ಗೊಣಗುತ್ತಾ ಹೋದಳು ಸಾಕವ್ವ.

ಮರುದಿನ ಬೆಳಿಗ್ಗೆ ಹಂಪಣ್ಣ ಅರಮನೆಯ ಅಡುಗೆಮನೆಗೆ ಹೋಗಿ ಅರಸರ ಊಟಕ್ಕೆ ಏನೇನೆಂದು ವಿಚಾರಿಸಿದ. ಆಮೇಲೆ ವಿಚಾರಣೆಯನ್ನು ಊಟದ ನಂತರಕ್ಕೆ ಇಡಿಸಿದ.

ಸಭೆ ಸೇರಿತು. ಸಾಕವ್ವ ನಡೆದದ್ದನ್ನು ಹೇಳಿದಳು. ಹಂಪಣ್ಣ ಎದ್ದು ನಿಂತ.

"ಅಯ್ಯನವರೇ, ಬೆಲ್ಲ ಕೈಯಲ್ಲಿತ್ತು, ಹಾಲು ಲೋಟದಲ್ಲಿತ್ತು. ಇವಳು ಬೆರೆಸಿದ್ದೆಲ್ಲಿ?"

"ಬಾಯಲ್ಲಿ ಬೆರೆಯಲಿಲ್ಲವೇ?" ಎಂದ ಸಂಪಂಗಯ್ಯ. "ಬಾಯಲ್ಲಿ ಬೆರೆತರೂ ಅಪರಾಧವೇ."

"ಒಪ್ಪಿದೆ. ಬೆಲ್ಲವನ್ನು ಮೊದಲೇ ನುಂಗಿ, ಬಾಯಿ ಮುಕ್ಕಳಿಸಿ, ಆಮೇಲೆ ಹಾಲು ಕುಡಿದರೆ?"

"ಹೊಟ್ಟೆಗೆ ಹೋಗಿ ಬೆರೆಯುತ್ತದಲ್ಲ. ನನ್ನ ಕಣ್ಣು ತಪ್ಪಿಸೋಕಾಗುತ್ತಾ? ಅದೂ ಅಪರಾಧ."

"ಆಹಾ, ಎಂಥ ದೃಷ್ಟಿ. ಹೊಟ್ಟೆಯೊಳಗೂ ಕಾಣುತ್ತದೆ" ಎಂದು ಹಂಪಣ್ಣ ತಲೆದೂಗಿದ. "ಬೆಲ್ಲದ ಬದಲು ಬೆಲ್ಲದ ತಿಂಡಿ ತಿಂದಿದ್ದರೆ?"

"ಬೆಲ್ಲ ಯಾವ ವೇಷದಲ್ಲಿ ಬಂದರೂ ಬೆಲ್ಲವೇ."

"ಯಾರ ಹೊಟ್ಟೆಯಾದರೂ ಅಷ್ಟೇಯೋ? ಇಲ್ಲ, ಬಾಣಂತಿಯರ ಹೊಟ್ಟೆ ಮಾತ್ರವೋ?"

ಸಂಪಂಗಯ್ಯ ಎದೆಯುಬ್ಬಿಸಿದ. "ಕಾನೂನಿಗೆ ಎಲ್ಲರ ಹೊಟ್ಟೆಯೂ ಒಂದೇ. ಕುಡಿಸಿದ ಮನೆಯ ಹಸು ಅರಮನೆಗೆ ಸೇರಲೇಬೇಕು."

"ಸಭೆ ಕೇಳಿಸಿಕೊಂಡಿತು" ಎಂದ ಹಂಪಣ್ಣ ಸಿಂಹಾಸನದ ಕಡೆ ತಿರುಗಿ ಕೈಮುಗಿದ. "ಪ್ರಭುಗಳದ್ದು ಊಟವಾಯಿತೇ?"

"ಸೊಗಸಾಗಿ ಆಯಿತು" ಎಂದ ವೀರಭೂಪ, ಹೊಟ್ಟೆ ಸವರಿಕೊಳ್ಳುತ್ತಾ. "ಹೋಳಿಗೆ. ಹೂರಣಕ್ಕೆ ಬೆಲ್ಲ, ಏಲಕ್ಕಿ ಹದವಾಗಿ ಬಿದ್ದಿತ್ತು. ಮೇಲೊಂದು ದೊಡ್ಡ ಲೋಟ ಹಾಲು ಕುಡಿದೆ."

ಸವರುತ್ತಿದ್ದ ಕೈ ಅಲ್ಲೇ ನಿಂತಿತು.

ಹಂಪಣ್ಣ ಮೆಲ್ಲಗೆ ಕೇಳಿದ: "ಅಯ್ಯನವರೇ, ಅರಮನೆ ಕೊಟ್ಟಿಗೆಯ ಹಸುಗಳನ್ನೆಲ್ಲ ಹಿಡಿಯಬೇಕಲ್ಲ. ಹಗ್ಗ ತಂದಿದ್ದೀರೋ, ತರಿಸಬೇಕೋ? ಹಿಡಿದು ಎಲ್ಲಿಗೆ ಕಳಿಸುತ್ತೀರಿ? ಅವು ಆಗಲೇ ಅರಮನೆಯಲ್ಲೇ ಇವೆ."

ಸಂಪಂಗಯ್ಯ ಅರಸನ ಕಡೆ ಒಮ್ಮೆ ನೋಡಿದ. "ಅದು... ಪ್ರಭುಗಳ ಹೊಟ್ಟೆ ಬೇರೆ. ಅಲ್ಲಿ ಹಾಗೆಲ್ಲ ಬೆರೆಯುವುದಿಲ್ಲ."

"ಬೆರೆಯುವುದಿಲ್ಲವೇ? ಹಾಗಾದರೆ ಪ್ರಭುಗಳಿಗೆ ಅಜೀರ್ಣ. ಮೊದಲು ವೈದ್ಯರನ್ನು ಕರೆಸೋಣ."

"ನನ್ನ ಹೊಟ್ಟೆ ಸರಿಯಾಗಿಯೇ ಇದೆ" ಎಂದು ಅರಸ ಗದರಿದ.

"ಅಂದರೆ ಬೆರೆತಿದೆ" ಎಂದ ಹಂಪಣ್ಣ. "ಒಂದು ಸಣ್ಣ ಸಂದೇಹ, ಪ್ರಭು. ರುಚಿ ಬೇಕಾದವರು ರಾಜಪಾನ ಕುಡಿಯಬೇಕೆಂದು ಅಪ್ಪಣೆಯಿದೆ. ತಾವು ಯಾಕೆ ಕುಡಿಯಲಿಲ್ಲ?"

"ಅದನ್ನೇ?" ಅರಸ ಮುಖ ಕಿವುಚಿದ. "ಅದು ಮಾರೋಕೆ ಮಾಡಿಸಿದ್ದಪ್ಪ, ಕುಡಿಯೋಕಲ್ಲ."

ಮೊದಲು ನಕ್ಕವಳು ಸಾಕವ್ವ. ಆಮೇಲೆ ಸಭೆ. ತಾನು ಹೇಳಿದ್ದೇನೆಂದು ಹೊಳೆದ ಮೇಲೆ ಅರಸನೂ ನಕ್ಕ. ಸಂಪಂಗಯ್ಯನೊಬ್ಬ ಉಂಗುರ ತಿರುಗಿಸುತ್ತಾ ನೆಲ ನೋಡುತ್ತಿದ್ದ.

ಕಾನೂನು ಅಲ್ಲೇ ರದ್ದಾಯಿತು. ಅಧಿಕಾರಿಯೇ ಹೋಗಿ ಹಸುವನ್ನು ಬಿಚ್ಚಿ ತಂದು ಹಗ್ಗವನ್ನು ಸಾಕವ್ವನ ಕೈಗಿಟ್ಟ. ಅವಳು ಒಂದು ಕ್ಷಣವೂ ನಿಲ್ಲದೆ ಕರುವಿದ್ದ ಕಡೆಗೆ ಅದನ್ನು ಹೊಡೆದುಕೊಂಡು ಹೊರಟಳು.

ನಗು ಇನ್ನೂ ಇಳಿಯದ ಅರಸ ಕಣ್ಣೊರೆಸಿಕೊಂಡು ಹೇಳಿದ: "ಭಲೇ ಹಂಪಣ್ಣ. ನಿನಗೊಂದು ಬಹುಮಾನ ಕೊಡಲೇಬೇಕು. ಉಗ್ರಾಣದಲ್ಲಿರುವ ಅಷ್ಟೂ ರಾಜಪಾನ ಇನ್ನು ನಿನ್ನದು."

ಹಂಪಣ್ಣ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ.

"ಪ್ರಭು, ವಾದದಲ್ಲಿ ಸೋತವರು ಅಯ್ಯನವರು. ಶಿಕ್ಷೆ ನನಗ್ಯಾಕೆ?"