ಎರಡು ಸೇರಿನ ಗಂಜಿ

ನೇಕಾರರ ಓಣಿಯಲ್ಲಿ ನೀಲವ್ವ ಎಂಬ ಹೆಂಗಸಿದ್ದಳು. ಮೂವತ್ತು ವರ್ಷದಿಂದ ಮಗ್ಗದ ನೂಲಿಗೆ ಗಂಜಿ ಕಾಯಿಸುವುದು ಅವಳ ಕೆಲಸ. ಒಂದು ಹಂಡೆ ನೀರಿಗೆ ಒಂದು ಸೇರು ಜೋಳದ ಹಿಟ್ಟು. ಈ ಅಳತೆ ಏಕೆಂದು ಎಷ್ಟೋ ಜನಕ್ಕೆ ಹೇಳಿದ್ದಳು. ಎಲ್ಲರೂ ತಲೆಯಾಡಿಸಿ ಮರೆತಿದ್ದರು.

ಆ ಸಲ ಮಗ್ಗಕ್ಕೇರಬೇಕಿದ್ದದ್ದು ಅವಳ ಮಗಳ ಮದುವೆಯ ಸೀರೆ. ಮದುವೆಗೆ ಹನ್ನೆರಡು ದಿನ. ಇದ್ದದ್ದು ಒಂದೇ ಸೀರೆಗಾಗುವಷ್ಟು ನೂಲು. ಹಿಂದಿನ ಸೀರೆಯಲ್ಲಿ ನಾಲ್ಕು ಎಳೆ ಹರಿದಿದ್ದವು. ಗಂಡ ತೀರಿಕೊಂಡ ಮೇಲೆ ಮನೆಗೆ ಮೈದುನ ಶಿವರುದ್ರಪ್ಪನೇ ಯಜಮಾನ. ಅವನು ಮಗ್ಗದಲ್ಲಿ ಕೂತವನೇ ಹೊರತು ಒಲೆಯ ಮುಂದೆ ಎಂದೂ ಕೂತವನಲ್ಲ.

"ವೈನಿ, ಈ ಸಲ ಎರಡು ಸೇರು ಹಾಕ್ರಿ. ನೂಲು ಎರಡು ಪಟ್ಟು ಗಟ್ಟಿ ಆಗತೈತಿ."

"ಎರಡು ಪಟ್ಟು ಹಿಟ್ಟು ಹಾಕಿದ್ರ ಗಂಜಿ ಹತ್ತು ಪಟ್ಟು ಮಂದ ಆಗತೈತೋ ತಮ್ಮಾ. ಮಂದ ಗಂಜಿ ಎಳಿ ಒಳಗ ಇಳಿಯೂದಿಲ್ಲ."

"ನಿಮಗ ಹಿಟ್ಟಿನ ಮ್ಯಾಲ ಭಾಳ ಜೀವ ನೋಡ್ರಿ" ಎಂದು ನಕ್ಕು, ನೀರಲ್ಲಿ ಕದಡಿದ ಹಿಟ್ಟನ್ನು ತಾನೇ ಸುರಿಯತೊಡಗಿದ.

ನೀಲವ್ವ ಸೌಟು ಹಿಡಿದು ತಿರುವಿದಳು. ಹೇಳಿ ಹೇಳಿ ಬಾಯಿ ಸೋತಿತ್ತು.

ಅರ್ಧ ಸೇರು ಹೆಚ್ಚು ಬಿದ್ದರೂ ಸೌಟು ತಿರುಗುತ್ತಲೇ ಇತ್ತು. "ನೋಡಿದ್ರ್ಯಾ?" ಎಂದ. ಉಳಿದರ್ಧ ಬಿದ್ದು ಕುದಿ ಬಂದದ್ದೇ ಸೌಟು ಹಂಡೆಯಲ್ಲಿ ನೆಟ್ಟಗೆ ನಿಂತಿತು. ಅದೂ ಅವನಿಗೆ ಗೆಲುವೆಂದೇ ಕಂಡಿತು.

ಓಣಿಯುದ್ದಕ್ಕೂ ಸೀರೆಯ ಉದ್ದದ ಎಳೆಗಳ ಹಾಸು ಎಳೆದು ಗಂಜಿ ಬಳಿದರು. ಬಿಸಿಲಿಗೆ ನೂಲು ಮಿರಮಿರ ಮಿಂಚಿತು. ಓಣಿಯವರು ಹೊಗಳಿದರು. ಮರುದಿನ ನೇಯಲು ಕೂತರೆ ಗಂಜಿ ಹೊಟ್ಟಿನಂತೆ ಉದುರಿತು. ಎಳೆಗಳು ಒಂದಕ್ಕೊಂದು ಅಂಟಿದ್ದವು, ಬಿಡಿಸಿದರೆ ಹರಿದವು. ಒಳಗಿದ್ದದ್ದು ಗಂಜಿಯನ್ನೇ ಕಾಣದ ನೂಲು. ಸಂಜೆಯೊಳಗೆ ನಲವತ್ತು ಎಳೆ ಹೋದವು.

ನೀಲವ್ವ ಹಾಸು ಇಳಿಸಿದಳು. ಐದು ದಿನ ಬಿಸಿನೀರಲ್ಲಿ ತೊಳೆದು, ಬಿಡಿಸಿ, ಗಂಟು ಹಾಕಿದಳು. ಮತ್ತೆ ಒಂದು ಸೇರಿನ ಗಂಜಿ ಕಾಯಿಸಿದಳು. ಎಳೆ ಹರಿಯಲಿಲ್ಲ, ಆದರೆ ದಿನ ಉಳಿದಿರಲಿಲ್ಲ. ಮುಹೂರ್ತದ ಹೊತ್ತಿಗೆ ಸೀರೆ ಇನ್ನೂ ಮಗ್ಗದ ಮೇಲೆ ಅರ್ಧವಿತ್ತು. ಮಗಳು ಪಕ್ಕದ ಮನೆಯವರ ಸೀರೆ ಉಟ್ಟು ಹಸೆಮಣೆ ಏರಿದಳು.

ಊಟದ ಪಂಕ್ತಿಯಲ್ಲಿ ಶಿವರುದ್ರಪ್ಪ ಬೀಗರಿಗೆ ವಿವರಿಸುತ್ತಿದ್ದ: "ಗಂಜಿ ಛಲೋನ ಇತ್ರಿ. ಬಿಸಿಲು ಸರಿ ಇರ್ಲಿಲ್ಲ."

ನೀಲವ್ವ ಅವನ ಎಲೆಗೆ ಸಾರು ಬಡಿಸಿ ಮುಂದೆ ಹೋದಳು.

ನೀತಿ: ಒಳಗೆ ಇಳಿದಷ್ಟೇ ಬಲ, ಮಿಕ್ಕದ್ದು ಮೇಲೆ ಕೂತು ಉದುರುತ್ತದೆ. ಸುರಿಯುವವನಿಗೆ ಅತಿಯಾಯಿತೆಂದು ತಿಳಿಯುವುದು ಸೌಟು ನಿಂತ ಮೇಲೆ. ಕೆಲವರಿಗೆ ಆಗಲೂ ತಿಳಿಯುವುದಿಲ್ಲ.