ಇಲ್ಲ ಅನ್ನದ ಮಠದ ಕಂಪ್ಯೂಟರು

ಹೊಳೆಯ ದಂಡೆಯಲ್ಲಿ ಒಂದು ಚಿಕ್ಕ ಮಠ. ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಬಾರದು, ಅದು ಆ ಮಠದ ನೇಮ. ಹಸಿದು ಬಂದರೆ ಅನ್ನ, ದಣಿದು ಬಂದರೆ ಚಾಪೆ, ಸುಮ್ಮನೆ ಬಂದರೂ ಒಂದು ಲೋಟ ಮಜ್ಜಿಗೆ.

ಮಠದ ಹಿರಿಯರನ್ನು ಎಲ್ಲರೂ ಅಜ್ಜಾರು ಅನ್ನೋರು. ಅವರ ಶಿಷ್ಯ ಪಂಪಣ್ಣ. ಭಕ್ತರೊಬ್ಬರು ಕೊಟ್ಟುಹೋದ ಕಂಪ್ಯೂಟರಿನ ಮುಂದೆ ಕೂತು, ಸುತ್ತಲಿನ ಹಳ್ಳಿಯವರ ಅರ್ಜಿ ತುಂಬಿಕೊಡೋದು ಅವನ ಸೇವೆ.

ಒಂದಿನ ಮಧ್ಯಾಹ್ನ ಆಚೆ ದಂಡೆಯಿಂದ ಹರಿಗೋಲು ಹತ್ತಿ ಹುಲಿಗೆಮ್ಮ ಅನ್ನೋ ಹುಡುಗಿ ಬಂದಳು. ಅವಳಿಗೆ ಪಟ್ಟಣದಲ್ಲಿ ನರ್ಸಿಂಗ್ ಓದೋಕೆ ಸೀಟು ಸಿಕ್ಕಿತ್ತು. ಹಾಸ್ಟೆಲ್ ಸಿಕ್ಕರೆ ಓದು, ಸಿಗದಿದ್ದರೆ ಓದೂ ಇಲ್ಲ. ಹಾಸ್ಟೆಲಿನ ಅರ್ಜಿಗೆ ಅವತ್ತೇ ಕಡೆಯ ದಿನ. ಸಂಜೆ ಐದರೊಳಗೆ ಅರ್ಜಿ ಹೋಗಬೇಕು.

ಪಂಪಣ್ಣ ಕಂಪ್ಯೂಟರು ಹಚ್ಚಿದ. ಅರ್ಜಿಯ ಪುಟ ಪೂರ್ತಿ ತೆರೆಯೋಕೆ ಮುಂಚೆಯೇ ಮೂಲೆಯಲ್ಲಿ ಟಿಣ್ ಅಂತ ಒಂದು ಚೀಟಿ ಹಾರಿತು. ನಿಮಗೆ ಬಹುಮಾನ ಬಂದಿದೆ. ಅದನ್ನು ಮುಚ್ಚಿದರೆ ಇನ್ನೊಂದು. ಹೊಟ್ಟೆ ಕರಗಿಸುವ ಪುಡಿ. ಅದರ ಬೆನ್ನಿಗೇ ಮತ್ತೊಂದು. ಹುಡುಗಿಯ ಹೆಸರು ಬರೆಯಹೋದರೆ ಒಂದೊಂದು ಅಕ್ಷರ ಮೂಡೋಕೂ ತಡ.

"ಅಣ್ಣಾ, ಸಂತಿಯಾಗ ಕುಂತಂಗಾತಲ್ಲ," ಅಂದಳು ಹುಲಿಗೆಮ್ಮ.

ಪಂಪಣ್ಣ ಎದ್ದು ಅಜ್ಜಾರ ಹತ್ತಿರ ಹೋದ. ಅವರು ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಅಜ್ಜಾರ, ಕಂಪ್ಯೂಟರಿಗೆ ಏನೋ ಬಡದೈತ್ರಿ. ಹೊಸಾದು ತರಬೇಕು."

"ಅದರಾಗ ಯಾರು ಅಷ್ಟು ಗದ್ದಲ ಮಾಡಾಕ್ಹತ್ತಾರ?"

"ಯಾರ್ಯಾರೋ. ಒಂದೊಂದು ಪುಟ ತೆಗೆದಾಗ ಒಂದು ಚೌಕ ಬರ್ತೈತ್ರಿ, ನಿಮಗ ಸುದ್ದಿ ಕಳಸ್ಲೇನು ಅಂತ. ಅನುಮತಿಸಿ ಅಂತ ಒಂದು ಗುಂಡಿ, ನಿರ್ಬಂಧಿಸಿ ಅಂತ ಒಂದು. ನಾ ಎಲ್ಲಾರಿಗೂ ಅನುಮತಿಸಿ ಅಂತ ಒತ್ತೀನಿ."

"ಎಲ್ಲಾರಿಗೂ?"

"ಮತ್ತ ಬಾಗಿಲಿಗೆ ಬಂದವರಿಗೆ ಇಲ್ಲ ಅನಬಾರದಲ್ರಿ."

ಅಜ್ಜಾರು ನಗಲಿಲ್ಲ. ಸೊಂಟದಲ್ಲಿದ್ದ ಕೀಲಿಕೈ ಗೊಂಚಲು ಬಿಚ್ಚಿ ಅವನ ಅಂಗೈ ಮೇಲಿಟ್ಟರು.

"ಕಟ್ಟಿ ಮ್ಯಾಲ ದಾರಿಹೋಕ ಒಬ್ಬ ಮಲಗ್ಯಾನ. ಅವಗ ಕೊಟ್ಟು ಬಾ. ಉಗ್ರಾಣದ್ದು, ನಿನ್ನ ಪೆಟಿಗಿದು, ಎಲ್ಲಾ ಅದರಾಗ ಅದಾವು."

"ಅಂವ ಮಜ್ಜಿಗಿ ಕೇಳಿದ್ದನ್ರಿ. ಕುಡಿದು ಮಲಗ್ಯಾನ. ಕೀಲಿಕೈ ಯಾಕ?"

"ಕೇಳಿದ್ದರ ಕೊಡತಿದ್ದೆ?"

ಪಂಪಣ್ಣ ಗೊಂಚಲನ್ನು ತಿರುವಿ ನೋಡಿದ. ಆಮೇಲೆ ಅದನ್ನು ಅಜ್ಜಾರ ಪಕ್ಕದಲ್ಲಿಟ್ಟು ಒಳಗೋಡಿದ.

ಬ್ರೌಸರಿನ ಮೇಲ್ಮೂಲೆಯ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್ ತೆರೆದ. ಸುದ್ದಿ ಕಳಿಸೋಕೆ ತಾನು ಹೂಂ ಅಂದವರ ಪಟ್ಟಿಯೇ ಅಲ್ಲಿತ್ತು. ನಲವತ್ತೊಂದು ಹೆಸರು. ಒಂದರದಾದರೂ ಗುರುತು ಪರಿಚಯ ಇದ್ದರೆ ಕೇಳಿ.

ಒಂದೊಂದನ್ನೇ ತೆಗೆದ. ಬ್ರೌಸರಿಗೆ ಎಂದೋ ಅಂಟಿಸಿಕೊಂಡು ಮರೆತ ಚಿಕ್ಕ ಸಲಕರಣೆಗಳು, ಎಕ್ಸ್‌ಟೆನ್ಷನ್‌ಗಳು, ಏಳು ಇದ್ದವು. ಕನ್ನಡ ಬರೆಯೋದೊಂದನ್ನು ಉಳಿಸಿ ಆರನ್ನೂ ಕಿತ್ತ. ತೆರೆದೇ ಬಿಟ್ಟಿದ್ದ ಟ್ಯಾಬುಗಳನ್ನು ಮುಚ್ಚಿದ. ಬ್ರೌಸರನ್ನೂ ಒಮ್ಮೆ ಮುಚ್ಚಿ ತೆರೆದ.

ಟಿಣ್ ಅನ್ನೋದು ನಿಂತಿತು. ಹೊಳೆಯ ಸದ್ದು ಕೇಳಿಸಿತು.

ಅರ್ಜಿ ಸರಸರ ತುಂಬುತ್ತ ಹೋಯಿತು. ಹುಲಿಗೆಮ್ಮ ಕಣ್ಣು ಕಿರಿದು ಮಾಡಿ ಬಗ್ಗಿ ನೋಡುತ್ತಿದ್ದಳು. ಪಂಪಣ್ಣ ಕಂಟ್ರೋಲ್ ಗುಂಡಿ ಹಿಡಿದು ಪ್ಲಸ್ ಗುಂಡಿಯನ್ನು ಎರಡು ಸಲ ಒತ್ತಿದ. ಅಕ್ಷರ ದೊಡ್ಡವಾದವು.

"ಅಣ್ಣಾ, ಹುಟ್ಟಿದ ಇಸವಿ ನೋಡು. ನಮ್ಮವ್ವಗಿಂತ ದೊಡ್ಡಾಕಿನ್ನ ಮಾಡೀಯಲ್ಲ ನನ್ನ."

ಅದನ್ನೂ ತಿದ್ದಿದ್ದಾಯಿತು. ಇನ್ನೇನು ಮುಗೀತು ಅನ್ನೋವಾಗ ಒಂದು ಚೌಕ ಬಂತು. ಪಂಪಣ್ಣ ಈಗ ಜಾಣ. ಕಣ್ಣು ಮುಚ್ಚಿ ತೆಗೆಯೋದರೊಳಗೆ ನಿರ್ಬಂಧಿಸಿ ಅಂತ ಒತ್ತಿಬಿಟ್ಟ.

ಅರ್ಜಿ ಅಲ್ಲೇ ನಿಂತಿತು. ಫೋಟೊ ಬರಬೇಕಾದ ಜಾಗ ಕಪ್ಪಗಿತ್ತು. ಕಳಿಸೋ ಗುಂಡಿಯನ್ನು ಎಷ್ಟು ಒತ್ತಿದರೂ ಅದು ಮಿಸುಕಲಿಲ್ಲ. ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು.

ಹುಲಿಗೆಮ್ಮ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತೋಳು, ಬಿಚ್ಚೋಳು.

ಅಜ್ಜಾರು ಬಾಗಿಲಲ್ಲಿ ಬಂದು ನಿಂತರು. "ಏನಾತು?"

"ತಿಳಿವಲ್ದ್ರಿ. ಈಗ ಒಬ್ಬರನ್ನೂ ಒಳಗ ಬಿಟ್ಟಿಲ್ಲ. ಬಂದವರಿಗೆ ಇಲ್ಲ ಅಂದೀನಿ."

"ಕಡೀಕ ಬಂದವರು ಯಾರು?"

"ಒಂದು ಚೌಕ ಬಂತ್ರಿ."

"ಯಾರದು? ಏನು ಕೇಳಿತು?"

ಪಂಪಣ್ಣ ಪರದೆಯ ಕಡೆ ತಿರುಗಿ ಆ ಚೌಕವನ್ನು ಹುಡುಕಿದ. ಅದು ಹೋಗಿಬಿಟ್ಟಿತ್ತು.

"ಹಾಸ್ಟೆಲಿನ ಪುಟಾನ ಕೇಳಿತ್ರಿ ಅಜ್ಜಾರ," ಅಂದಳು ಹುಲಿಗೆಮ್ಮ ಮೆಲ್ಲಗೆ. "ನನ್ನ ಫೋಟೊ ತೆಗಿಯಾಕ ಕ್ಯಾಮೆರಾ ಬೇಕಂತ. ಅಣ್ಣ ಓದಿ ಮುಗಿಸೋದ್ರಾಗ ಒತ್ತಿಬಿಟ್ಟ."

ಅವನು ಓದಿಯೇ ಇರಲಿಲ್ಲ ಅಂತ ಅವಳು ಅನ್ನಲಿಲ್ಲ. ಪಂಪಣ್ಣನ ಕಿವಿ ಕೆಂಪಾಯಿತು.

ಪುಟದ ವಿಳಾಸ ಬರೆದಿರುತ್ತಲ್ಲ, ಅದರ ಎಡಕ್ಕೆ ಒಂದು ಪುಟ್ಟ ಗುರುತು. ಅದನ್ನು ಒತ್ತಿ ಕ್ಯಾಮೆರಾಕ್ಕೆ ಅನುಮತಿ ಕೊಟ್ಟ. ಪುಟವನ್ನು ಮತ್ತೆ ತೆರೆದ. ತುಂಬಿದ್ದೆಲ್ಲ ಅಳಿಸಿಹೋಗಿತ್ತು.

"ನಾ ಹೇಳ್ತೀನಿ, ನೀ ಹೊಡಿ," ಅಂದಳು ಹುಲಿಗೆಮ್ಮ. "ಇಸವಿ ಮಾತ್ರ ನೋಡಿ ಹೊಡಿ."

ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಫೋಟೊದ ಜಾಗಕ್ಕೆ ಬಂದಾಗ ಪಂಪಣ್ಣ ಕೈ ತಡೆದು, ಮತ್ತೆ ಅದೇ ಚೌಕ ಬರುತ್ತೇನೋ ಅಂತ ನೋಡಿದ. ಅದು ಬರಲಿಲ್ಲ. ಕಪ್ಪಗಿದ್ದ ಜಾಗದಲ್ಲಿ ಅವಳ ಮುಖವೇ ಬಂತು.

"ನಗಲೇನಣ್ಣಾ?"

"ಅರ್ಜಿ ಹೋದಮ್ಯಾಲ ನಗು, ತಾಯಿ."

ಐದಕ್ಕೆ ಎಂಟು ನಿಮಿಷ ಇರುವಾಗ ಅರ್ಜಿ ಹೋಯಿತು. ಪರದೆ ಮೇಲೆ ಸ್ವೀಕೃತಿಯ ನಂಬರ್ ಮೂಡಿತು. ಹುಲಿಗೆಮ್ಮ ಅದನ್ನು ಅಂಗೈ ಮೇಲೆ ಬರೆದುಕೊಂಡು, ಅಜ್ಜಾರ ಕಾಲಿಗೆ ಬಿದ್ದು, ಹೊಳೆಯ ಕಡೆ ಓಡಿದಳು. ಹರಿಗೋಲು ಹತ್ತಿದಮೇಲೆ ಅವಳು ನಕ್ಕಿದ್ದು ಪಡಸಾಲೆಗೆ ಕೇಳಿಸಿತು.

ಪಂಪಣ್ಣ ಬಂದು ಅಜ್ಜಾರ ಪಕ್ಕ ಕೂತ. ಒಂದು ಹಿಡಿ ಅವರೆಕಾಯಿ ಎತ್ತಿಕೊಂಡ. ಸುಲಿಯಲಿಲ್ಲ.

"ಎಲ್ಲಾರಿಗೂ ಹೂಂ ಅಂದೆ, ಸಂತಿ ಆತು. ಇಲ್ಲ ಅನ್ನಾಕ ಕಲಿತೆ, ಆ ಹುಡುಗಿ ಓದು ಹೋಗತಿತ್ತು. ಇನ್ನೊಮ್ಮೆ ಚೌಕ ಬಂದ್ರ ನಾ ಏನನ್ನಲ್ರಿ ಅಜ್ಜಾರ?"

ಅಷ್ಟರಲ್ಲಿ ಹೊರಗಿನ ಬಾಗಿಲನ್ನು ಯಾರೋ ತಟ್ಟಿದರು.

"ಬರ್ರಿ, ಒಳಗ ಬರ್ರಿ," ಅಂತ ಪಂಪಣ್ಣ ಕೂತಲ್ಲಿಂದಲೇ ಕೂಗಿದ.

ಅಜ್ಜಾರು ಅವನ ಕೈಯಲ್ಲಿದ್ದ ಅವರೆಕಾಯಿ ತೆಗೆದು ಮೊರಕ್ಕೆ ಹಾಕಿದರು.

"ಎದ್ದು ಹೋಗು. ಯಾರು ಬಂದಾರ, ಏನು ಕೇಳತಾರ ನೋಡು."