ಸೂರಿನಂಚಿಗೆ ಜೋತುಬಿದ್ದ ಹಿಮ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ, ಹೊಳೆಗಳು ಇನ್ನೂ ದಾರಿ ಹುಡುಕುತ್ತಿದ್ದ ಕಾಲ. ಆಗ ಬಡಗಣ ದಿಕ್ಕಿನ ದೊಡ್ಡ ಬೆಟ್ಟದ ಮೇಲೆ ಹಿಮ ಎಂಬ ಹುಡುಗಿಯಿದ್ದಳು. ಬೆಳ್ಳಗಿದ್ದಳು, ಬಲು ಚೆಲುವೆ.

ಬೆಟ್ಟದ ಬುಡದಲ್ಲಿ ಒಂದೇ ಒಂದು ಮನೆ. ಅಲ್ಲಿ ಡೋಲ್ಕರ್ ಅಜ್ಜಿ ಮತ್ತು ಅವಳ ಪುಟ್ಟ ಮೊಮ್ಮಗಳು. ಒಲೆಯಲ್ಲಿ ಬೆಂಕಿ.

ದಿನಾ ಬೆಳಗ್ಗೆ ಅಜ್ಜಿ, “ಏಳಪ್ಪಾ, ಎದ್ದೇಳು. ನೀನಿಲ್ದಿದ್ರೆ ನಮಗೆ ಯಾರು ದಿಕ್ಕು?” ಎಂದು ಬೆಂಕಿಗೆ ಒಣಸೌದೆ ಉಣಿಸುತ್ತಿದ್ದಳು. ಹಿಮ ಬಾಗಿಲಿಗೆ ಬಂದರೆ ಮಾತ್ರ, “ಅಯ್ಯೋ, ಬಂದ್ಳಲ್ಲ!” ಎಂದು ಕದ ಹಾಕಿಕೊಳ್ಳುತ್ತಿದ್ದಳು.

ಹಿಮಳಿಗೆ ತಡೆಯಲಾರದ ಹೊಟ್ಟೆಕಿಚ್ಚು. “ಮಸಿ ಹಿಡಿದ ಅವನಿಗೆ ನಡುಮನೆ. ಇಷ್ಟು ಬೆಳ್ಳಗಿರೋ ನನಗೆ ಹೊಸಿಲೂ ಇಲ್ಲ!”

“ಅವನ ಕೆಲಸ ಅವನಿಗೆ, ನಿನ್ನ ಕೆಲಸ ನಿನಗೆ,” ಎಂದಿತು ಗಾಳಿ.

ಹಿಮ ಕೇಳಲಿಲ್ಲ. “ಮೇಲಿನಿಂದಲೇ ಇಳಿದು ಅವನನ್ನು ಆರಿಸ್ತೀನಿ. ಅವನ ಜಾಗದಲ್ಲಿ ನಾನೇ ಕೂರ್ತೀನಿ,” ಎಂದು ಮನೆಯ ಮಾಡು ಹತ್ತಿ ಕೂತಳು.

ಒಂದು ದಿನ ಕೂತಳು, ಎರಡು ದಿನ ಕೂತಳು. ಒಲೆಯ ಕಾವು ತೆಳು ಹಲಗೆ ದಾಟಿ ಮೇಲೆ ಬಂತು. ಅವಳ ಮೈ ಅಡಿಯಿಂದ ಕರಗಿ, ನೀರಾಗಿ ಸೂರಿನತ್ತ ಜಾರಿತು. ಗೋಡೆಯಾಚೆಯ ಸೂರಿಗೆ ಕಾವೆಲ್ಲಿಯದು? ಅಲ್ಲಿ ನೀರು ಮತ್ತೆ ಹೆಪ್ಪುಗಟ್ಟಿತು. ಅದರ ಮೇಲೆ ಇನ್ನಷ್ಟು ನೀರು, ಇನ್ನಷ್ಟು ಗಡ್ಡೆ. ಮಾಡಿನ ಅಂಚಿಗೆ ಒಡ್ಡು ಕಟ್ಟಿದಂತಾಯಿತು. ಹಿಂದೆ ನಿಂತ ನೀರು ಹಲಗೆಯ ಸಂದಿನಲ್ಲಿ ಇಳಿಯಿತು.

ಚುಂಯ್! ಮೊದಲ ಹನಿ ಒಲೆಗೇ ಬಿತ್ತು.

ಹಿಮ ನಕ್ಕಳು. ಮತ್ತೊಂದು ಹನಿ, ಮಗದೊಂದು. ಬೆಂಕಿ ಕುಗ್ಗಿ ಒಂದೇ ಕೆಂಡವಾದ. ಮಗುವಿನ ತುಟಿ ನೀಲಿಗಟ್ಟಿತು. “ಬೆಂಕಿ ಬೇಕು ಅಜ್ಜೀ,” ಎಂದು ಅದು ಅತ್ತಿತು.

ಸಂದಿನಿಂದ ನೋಡುತ್ತಿದ್ದ ಹಿಮಳ ನಗು ನಿಂತಿತು. ‘ಈಗಲೂ ಅವನಿಗಾಗಿಯೇ ಅಳುತ್ತಾಳೆ. ನನಗಾಗಿ ಯಾರಾದರೂ ಒಮ್ಮೆ ಅತ್ತಿದ್ದಾರೆಯೇ?’

ಹನಿ ಬೀಳದಂತೆ ಅಜ್ಜಿ ಕೆಂಡದ ಮೇಲೆ ಮಡಕೆ ಕವುಚಿದಳು. ಹೊರಗೆ ಬಂದು ಉದ್ದನೆಯ ಗಳುವಿನಿಂದ ಸೂರಿನ ಒಡ್ಡು ಒಡೆದಳು. ನೀರು ಹರಿದುಹೋಯಿತು. ಆಮೇಲೆ ಅಟ್ಟದ ತುಂಬ ಒಣಹುಲ್ಲು, ಉಣ್ಣೆ ಮಂದವಾಗಿ ಹಾಸಿ, ಸೂರಿನಡಿ ಕಿಂಡಿ ತೆರೆದು, “ಗಾಳಿಯಣ್ಣಾ, ಹುಲ್ಲಿನ ಮೇಲೆ ಹಾದು ಹೋಗು. ಮಾಡು ತಣ್ಣಗಿರ್ಲಿ,” ಎಂದಳು. ಕಾವು ಕೆಳಗೇ ಉಳಿಯಿತು. ಬೆಂಕಿ ಮತ್ತೆ ಎದ್ದ.

ಅಜ್ಜಿ ತಲೆಯೆತ್ತಿ, “ಒಳಗೆ ಬಂದ್ರೆ ನೀನೇ ಇರಲ್ವಲ್ಲೇ, ಹುಚ್ಚಿ! ಮೇಲೆ ಕೂತ್ಕೊ. ನೀನು ಮಾಡಿಗೆ ಹೊದಿಕೆಯಾದ್ರೆ ನಮಗೂ ಬೆಚ್ಚಗೆ,” ಎಂದಳು.

ಹಿಮ ಕೂತಳು. ಮನಸ್ಸು ಮಾತ್ರ ಕೂರಲಿಲ್ಲ. ಒಳಗೆ ಬೆಂಕಿ ಚಟಪಟ ನಕ್ಕು, ಹುಲ್ಲಿನ ಸಂದಿನಲ್ಲಿ ಒಂದಿಷ್ಟು ಕಾವು ಸೋರಿದಾಗಲೆಲ್ಲ ಕರಗಿ ಅಂಚಿಗೆ ಜಾರಿ, ಕತ್ತು ಚಾಚಿ ಕಿಟಕಿಯಲ್ಲಿ ಇಣುಕಿದಳು. ಗಾಳಿ ಅವಳನ್ನು ಅಲ್ಲೇ ಹೆಪ್ಪುಗಟ್ಟಿಸಿತು.

ಅದಕ್ಕೇ ಮಕ್ಕಳೇ, ಹಿಮ ಬೀಳುವ ಊರುಗಳಲ್ಲಿ ಇಂದಿಗೂ ಒಲೆಯ ಕಾವು ಸೋರುವ ಮನೆಗಳ ಸೂರಿನಲ್ಲೇ ಉದ್ದುದ್ದ ಮಂಜಿನ ಕೋಲುಗಳು ತಲೆಕೆಳಗಾಗಿ ಜೋತಾಡುತ್ತವೆ.